ಬ್ರಿಟಿಷ್ ರಾಕ್ ತಂಡ ಬೀಟಲ್ಸ್‌ನವರ ‘ಕಾರ್ನಿವಲ್ ಆಫ್ ಲೈಟ್’ ಎಂಬ ಬಿಡುಗಡೆಯಾಗದ ರೆಕಾರ್ಡಿಂಗ್ ನಿಜವಾಗಿಯೂ ಇದೆಯಾ, ಬರೀ ವದಂತಿಯಾ?

ಇದೆ. 1967ರ ಜನವರಿ 5ರಂದು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ, ‘ಪೆನ್ನಿ ಲೇನ್’ ಹಾಡಿನ ಕೆಲಸದ ದಿನವೇ ಇದನ್ನೂ ರೆಕಾರ್ಡ್ ಮಾಡಿದರು. ಲಂಡನ್ನಿನದೇ ರಂಗಮಂದಿರ ರೌಂಡ್‌ಹೌಸ್‌ನಲ್ಲಿ ನಡೆಯಲಿದ್ದ ಬೆಳಕು-ಸದ್ದಿನ ಕಾರ್ಯಕ್ರಮವೊಂದಕ್ಕೆ ಬೇಕಿತ್ತು.

ಸುಮಾರು 14 ನಿಮಿಷ ಇದೆ, ಆದರೆ ಹಾಡು ಅಂದುಕೊಳ್ಳಬೇಡಿ. ರಾಗವಿಲ್ಲ, ಪಲ್ಲವಿಯಿಲ್ಲ. ಡ್ರಮ್, ಆರ್ಗನ್, ಕರ್ಕಶ ಗಿಟಾರ್, ಎಕೋದಲ್ಲಿ ಮುಳುಗಿದ ಕೂಗಾಟ. ನಡುನಡುವೆ ತಂಡದ ಲೆನನ್, ಮೆಕಾರ್ಟ್ನಿ ಇಬ್ಬರೂ ‘ಬಾರ್ಸಿಲೋನಾ!’ ಅಂತೆಲ್ಲ ಬಾಯಿಗೆ ಬಂದದ್ದನ್ನು ಅರಚುತ್ತಾರೆ. 1987ರಲ್ಲಿ ಟೇಪ್ ಕೇಳಿದ ಇತಿಹಾಸಕಾರ ಮಾರ್ಕ್ ಲೂಯಿಸನ್ ಕೊಟ್ಟ ವಿವರವಿದು.

ತಂಡದ ಹಳೆಯ ರೆಕಾರ್ಡಿಂಗ್‌ಗಳ ಸಂಗ್ರಹವಾದ 1996ರ ‘ಆಂಥಾಲಜಿ 2’ಕ್ಕೆ ಸೇರಿಸೋಣವೆಂದು ಮೆಕಾರ್ಟ್ನಿ ಹೇಳಿದರು, ತಂಡದ ಇನ್ನೊಬ್ಬ ಸದಸ್ಯ ಹ್ಯಾರಿಸನ್ ಒಪ್ಪಲಿಲ್ಲ. (ಕೇಳುಗರ ಕಿವಿಯ ಮೇಲೆ ಅವರಿಗೆ ಕನಿಕರವಿತ್ತು ಅನ್ನಿಸುತ್ತೆ!) ಹೀಗೆ ಇದು ಬಿಡುಗಡೆಯೇ ಆಗಿಲ್ಲ, ಹಾಗಾಗಿ ಯೂಟ್ಯೂಬಿನಲ್ಲಿ ಈ ಹೆಸರಿನಲ್ಲಿ ಸಿಗುವುದನ್ನು ನಂಬಬೇಡಿ.