ಕವಲು ಒಡೆಯಲಿ, ಮತ್ತೆ ಕೂಡಲಿ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆಯೊಬ್ಬರ ಪತ್ರದ ಸಾರ: ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿನ ಬಗ್ಗೆ, ಓದುವವರೇ ದಾರಿ ಆರಿಸಿಕೊಳ್ಳುವ ಕತೆಯನ್ನು ಮಕ್ಕಳಿಂದ ಬರೆಸುತ್ತಿದ್ದೇನೆ. ಐದು ಹಂತಗಳಲ್ಲಿ ಎರಡೆರಡು ಆಯ್ಕೆ ಇಟ್ಟೆವು. ಕತೆ ಮುಗಿಯುತ್ತಲೇ ಇಲ್ಲ.)

ಟೀಚರೇ, ಮುಗಿಯುವುದಾದರೂ ಹೇಗೆ? ಐದು ಸಲ ಎರಡಾಗಿ ಒಡೆದರೆ 32 ಕೊನೆ, ಕತೆಯ ತುಣುಕಿಗೊಂದರಂತೆ ಒಟ್ಟು 63 ಚೀಟಿ ಬರೆಯಬೇಕು. ಒಬ್ಬ ಓದುಗ ಒಂದು ಸಲಕ್ಕೆ ಕಾಣುವುದು ಆರನ್ನು ಮಾತ್ರ. ಕವಲುಗಳನ್ನು ಮತ್ತೆ ಕೂಡಿಸಿ.

ಬೀಡಿ ಕಟ್ಟುವ ಹೆಂಗಸೊಬ್ಬಳು ವರಮಾನ ಸರ್ಟಿಫಿಕೇಟಿಗಾಗಿ ವಿಲ್ಲೇಜ್ ಆಫೀಸಿಗೆ ಹೋಗುತ್ತಾಳೆ ಎನ್ನಿ. ಕನ್ನಡ ಅರ್ಜಿಯನ್ನೇ ಕೊಟ್ಟಾಳು, ಇಲ್ಲವೇ ಯಾರಿಂದಲೋ ಮಲಯಾಳದಲ್ಲಿ ಬರೆಸಿಯಾಳು. ಏನೇ ಮಾಡಲಿ, ಎರಡನೇ ದಿನ ಅದೇ ಮೇಜಿನ ಮುಂದೆ ಬಂದು ನಿಲ್ಲಲಿ. ಕೈಯಲ್ಲಿರುವುದು ಮಾತ್ರ ಬೇರೆ. ಒಂದು ದಾರಿಯಲ್ಲಿ ಬಂದವಳ ಹತ್ತಿರ ರಶೀದಿ ಇದೆ. ಇನ್ನೊಂದರಲ್ಲಿ ತನಗೇ ಓದಲಾಗದ ಕಾಗದಕ್ಕೆ ಸಹಿ ಹಾಕಿದ್ದಾಳೆ, ಅದರಲ್ಲಿ ವರಮಾನಕ್ಕೆ ಒಂದು ಸೊನ್ನೆ ಹೆಚ್ಚು ಬಿದ್ದಿದೆ. ಕತೆ ಇದನ್ನು ನೆನಪಿಡದಿದ್ದರೆ, ಯಾವುದನ್ನು ಆರಿಸಿದರೂ ಒಂದೇ ಎಂದು ಮಕ್ಕಳು ಎರಡನೇ ಓದಿಗೇ ಹಿಡಿದುಬಿಡುತ್ತಾರೆ. ರಶೀದಿ ಇದೆಯೇ, ಎಷ್ಟು ದಿನದ ಕೂಲಿ ಹೋಯಿತು: ಎರಡೇ ಲೆಕ್ಕ ಸಾಕು. 15 ಚೀಟಿ, ಮೂರು ಕೊನೆ, ಚೀಟಿಗೆ 60-80 ಪದ.

'ಹಕ್ಕಿಗಾಗಿ ಹೋರಾಡು / ಸುಮ್ಮನಿರು' ಎಂಬ ಆಯ್ಕೆ ತೆಗೆದುಹಾಕಿ. ಅದು ಪರೀಕ್ಷೆಯ ಪ್ರಶ್ನೆ, ಉತ್ತರ ಎಲ್ಲರಿಗೂ ಗೊತ್ತು. 'ಇವತ್ತೇ ಕಾದು ಕೂರುತ್ತೇನೆ / ಕಟ್ಟಿದ ಬೀಡಿ ಕೊಟ್ಟು ನಾಳೆ ಬರುತ್ತೇನೆ' ಎಂದಿಡಿ. ಎರಡಕ್ಕೂ ಕಾರಣ ಇರಬೇಕು.

1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಂತೆ, ಕನ್ನಡ ಅಲ್ಪಸಂಖ್ಯಾತರಿರುವ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಇದನ್ನು ಮೊದಲ ಚೀಟಿಯಲ್ಲಿ ಉಪದೇಶದಂತೆ ಹೇಳಬೇಡಿ. ಅವಳಿಗೆ ಬೇಕಾದ ಗಳಿಗೆಯಲ್ಲಿ, ನೆರೆಯವಳ ಬಾಯಲ್ಲಿ ಬರಲಿ. ಕಾಯ್ದೆ ಹೇಳಿದ ಕೂಡಲೇ ಬಾಗಿಲು ತೆರೆಯುವುದೂ ಬೇಡ, ಆ ದಾರಿಗೂ ಒಂದು ದಿನದ ಕೂಲಿ ಹೋಗಲಿ. ಗುಮಾಸ್ತನನ್ನು ದುಷ್ಟನನ್ನಾಗಿಸಬೇಡಿ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವನಿಗೆ ಕನ್ನಡ ಅಕ್ಷರವೇ ತಿಳಿಯದು. ಕನ್ನಡ ಓದುವವರಿಲ್ಲದ ಕಚೇರಿಯೇ ತಪ್ಪು. ಒಂದು ಚೀಟಿ ಅವನ ಕಡೆಯಿಂದಲೂ ಬರೆಸಿ.

ಮೊದಲು ಚೀಟಿಗಳನ್ನು ನೆಲದಲ್ಲಿ ಹರಡಿ, ನೂಲೆಳೆದು ನೋಡಿ. ಕಂಪ್ಯೂಟರಿಗೆ ಏರಿಸಲು ಟ್ವೈನ್ ಎಂಬ ಉಚಿತ ತಂತ್ರಾಂಶವಿದೆ. [[ನಾಳೆ ಬರುತ್ತೇನೆ->ಮೇಜು 2]] ಎಂದು ಬರೆದರೆ 'ಮೇಜು 2' ಎಂಬ ಚೀಟಿಗೆ ಕೊಂಡಿಯಾಯಿತು. ಆದರೆ ಕನ್ನಡಕ್ಕೆ ಒಂದು ಪೀಡೆ ಇದೆ: 'ಆಫೀಸ್' ಎಂದು ಅರ್ಧಾಕ್ಷರದಲ್ಲಿ ಮುಗಿಸಿದರೆ ಕೆಲವು ಕೀಲಿಮಣೆಗಳು ಕೊನೆಗೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸುತ್ತವೆ. ಕೊಂಡಿಯಲ್ಲಿರುವ ಹೆಸರು ಚೀಟಿಯ ಹೆಸರಿಗೆ ಹೊಂದದೆ ಹೊಸ ಖಾಲಿ ಚೀಟಿ ಹುಟ್ಟುತ್ತದೆ. ನಮ್ಮ ಹಳೆಯ 'ಆಫೀಸು' ಎಂಬ ರೂಪವೇ ಕ್ಷೇಮ. ಬ್ರೌಸರಿನಲ್ಲಿ ಬರೆದದ್ದು ಆ ಬ್ರೌಸರಿನಲ್ಲಷ್ಟೇ ಉಳಿಯುತ್ತದೆ, ಯಾರಾದರೂ ಅದರ ದತ್ತಾಂಶ ಅಳಿಸಿದರೆ ಕತೆಯೂ ಹೋಯಿತು. ದಿನಾ ಸಂಜೆ ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದಿಡಿ.

ಪತ್ರಿಕೆಗೆ ಕಳಿಸುವುದಾದರೆ ಚೀಟಿಗಳ ಸಂಖ್ಯೆ ಕಲಸಿ ಕೊಡಿ; ಮೂರು ಕೊನೆಗಳು ಅಕ್ಕಪಕ್ಕ ಬಂದರೆ ಮಕ್ಕಳು ಮೊದಲು ಅವನ್ನೇ ಓದುತ್ತಾರೆ.

– ಸಂ.