ಡ್ಯಾಂಪರ್ ಇದ್ದರೂ ಶಕ್ತಿ ಏರುವುದೇಕೆ?

ಪ್ರಶ್ನೆ: ಕಾಲದೊಂದಿಗೆ ಬದಲಾಗುವ ರೇಖೀಯ ವ್ಯವಸ್ಥೆಯಲ್ಲಿ, ಚಲನೆ ಕುಗ್ಗುವುದೋ ಹಿಗ್ಗುವುದೋ ಎಂದು ಸೂಚಿಸುವ ಸಂಖ್ಯೆಗಳಾದ ಐಗನ್‌ವ್ಯಾಲ್ಯೂಗಳ ವಾಸ್ತವ ಭಾಗ ಪ್ರತಿ ಕ್ಷಣದಲ್ಲೂ ಋಣಾತ್ಮಕವಾಗಿದ್ದರೂ ವ್ಯವಸ್ಥೆ ಅಸ್ಥಿರವಾಗಬಹುದು ಎಂದು ನಮ್ಮ ಮೇಷ್ಟ್ರು ಹೇಳಿದರು. ಚಲನೆಯನ್ನು ತಡೆದು ತಗ್ಗಿಸುವ ಡ್ಯಾಂಪರ್ ಸದಾ ಶಕ್ತಿ ಹೀರುತ್ತಿರುವಾಗ ಇದು ಹೇಗೆ ಸಾಧ್ಯ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಕಡೆ ನಾಗರ ಪಂಚಮಿಗೆ ಮರಕ್ಕೆ ಕಟ್ಟುವ ಜೋಕಾಲಿಯನ್ನು ನೆನಪಿಸಿಕೊಳ್ಳಿ. ನಿಂತು ಜೀಕುವವರು ತುದಿಯಲ್ಲಿ ಮೊಣಕಾಲು ಮಡಿಸಿ ಕುಕ್ಕರಿಸುತ್ತಾರೆ, ನಡುವೆ ತಗ್ಗಿಗೆ ಬಂದಾಗ ಎದ್ದು ನಿಲ್ಲುತ್ತಾರೆ. ಯಾರೂ ನೂಕದಿದ್ದರೂ, ಗಾಳಿ ಮತ್ತು ಹಗ್ಗದ ಉಜ್ಜಾಟ ಶಕ್ತಿಯನ್ನು ತಿನ್ನುತ್ತಲೇ ಇದ್ದರೂ ಜೋಕಾಲಿ ಮೇಲೇರುತ್ತದೆ, ಏಕೆಂದರೆ ಕಾಲುಗಳು ಮಾಡಿದ ಕೆಲಸ ಅದಕ್ಕೆ ಸೇರುತ್ತಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಸ್ಪ್ರಿಂಗಿಗೆ ಕಟ್ಟಿದ ದ್ರವ್ಯರಾಶಿ 1, ಡ್ಯಾಂಪರ್ ಗುಣಾಂಕ 0.2, ಸ್ಪ್ರಿಂಗಿನ ಬಿಗಿತ 1 ಅಥವಾ 4 ಎಂದಿಟ್ಟುಕೊಳ್ಳಿ. ಎರಡೂ ಬಿಗಿತಗಳಲ್ಲಿ ಐಗನ್‌ವ್ಯಾಲ್ಯೂಗಳ ವಾಸ್ತವ ಭಾಗ ಋಣ 0.1 ಮಾತ್ರ. ದ್ರವ್ಯರಾಶಿ ತುದಿಯಲ್ಲಿರುವಾಗ ಬಿಗಿತವನ್ನು 4ಕ್ಕೆ ಏರಿಸಿದರೆ ಸ್ಪ್ರಿಂಗಿನಲ್ಲಿರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಡುವಿಗೆ ಬಂದಾಗ 1ಕ್ಕೆ ಇಳಿಸಿದರೆ ಏನೂ ನಷ್ಟವಾಗದು, ಏಕೆಂದರೆ ಆಗ ಸ್ಪ್ರಿಂಗ್ ಹಿಗ್ಗಿಯೂ ಇಲ್ಲ, ಕುಗ್ಗಿಯೂ ಇಲ್ಲ. ಡ್ಯಾಂಪರ್ ತನ್ನ ಪಾಲನ್ನು ತೆಗೆದುಕೊಂಡ ಮೇಲೂ ಎದುರು ತುದಿಯ ದೂರ ಮೊದಲಿನ ಸುಮಾರು 1.59 ಪಟ್ಟಾಗಿರುತ್ತದೆ. ಇದನ್ನೇ ಸುಮಾರು 2.29 ಸೆಕೆಂಡಿಗೊಮ್ಮೆ, ಬರೀ ಗಡಿಯಾರ ನೋಡಿಕೊಂಡು, ಪುನರಾವರ್ತಿಸಬಹುದು.

ಒಟ್ಟು ಶಕ್ತಿಯನ್ನು ಕಾಲದೊಂದಿಗೆ ಅವಕಲಿಸಿದರೆ ಎರಡು ಪದಗಳು ಬರುತ್ತವೆ: ಡ್ಯಾಂಪರ್ ಗುಣಾಂಕವನ್ನು ವೇಗದ ವರ್ಗದಿಂದ ಗುಣಿಸಿದ ಋಣಪದ ಒಂದು, ಬಿಗಿತ ಬದಲಾಗುವ ದರವನ್ನು ಸ್ಥಾನಪಲ್ಲಟದ ವರ್ಗದಿಂದ ಗುಣಿಸಿ ಅರ್ಧ ಮಾಡಿದ ಪದ ಇನ್ನೊಂದು. ಐಗನ್‌ವ್ಯಾಲ್ಯೂಗೆ ಆ ಕ್ಷಣದ ಬಿಗಿತ ಗೊತ್ತೇ ಹೊರತು ಅದು ಬದಲಾಗುವ ದರ ಗೊತ್ತಿಲ್ಲ. ಆದ್ದರಿಂದ ಎರಡನೆಯ ಪದ ಅದಕ್ಕೆ ಕಾಣುವುದೇ ಇಲ್ಲ.

ಹಾಗಾದರೆ ಏನನ್ನು ನಂಬಬೇಕು? ರಷ್ಯದ ಗಣಿತಜ್ಞ ಲ್ಯಾಪುನೋವ್ 1892ರಲ್ಲಿ ತೋರಿಸಿದ ದಾರಿಯಲ್ಲಿ ಶಕ್ತಿಯ ಅಳತೆಯನ್ನು ನಾವೇ ಆರಿಸಬಹುದು, ಆ ಅಳತೆ ಕಾಲದೊಂದಿಗೆ ಬದಲಾದರೂ ಅಡ್ಡಿಯಿಲ್ಲ. ಇಲ್ಲಿ ಒಟ್ಟು ಶಕ್ತಿಯ ಎರಡರಷ್ಟನ್ನು ಆ ಕ್ಷಣದ ಬಿಗಿತದಿಂದ ಭಾಗಿಸಿ ನೋಡಿ. ನನಗೆ ತುಂಬ ಇಷ್ಟವಾದ ಹೆಜ್ಜೆ ಇದು, ಏಕೆಂದರೆ ಬಿಗಿತ ಎಷ್ಟೇ ವೇಗವಾಗಿ ಏರಿದರೂ ಈ ಅಳತೆ ಹೆಚ್ಚುವುದಿಲ್ಲ. ಬಿಗಿತ ಇಳಿಯುವಾಗ ಮಾತ್ರ ಎಚ್ಚರ ಬೇಕು. ಇಳಿಕೆಯ ದರವನ್ನು ಬಿಗಿತದಿಂದ ಭಾಗಿಸಿದರೆ ಸಿಗುವ ಸಂಖ್ಯೆ, ಡ್ಯಾಂಪರ್ ಗುಣಾಂಕದ ಎರಡರಷ್ಟನ್ನು ದ್ರವ್ಯರಾಶಿಯಿಂದ ಭಾಗಿಸಿದ್ದಕ್ಕಿಂತ ಕಡಿಮೆಯಿದ್ದರೆ ಅಳತೆ ಏರದು, ಆಗ ದ್ರವ್ಯರಾಶಿ ಹೋಗುವ ದೂರವೂ ಬೆಳೆಯುತ್ತ ಹೋಗದು. ಮೇಲಿನ ಉದಾಹರಣೆಯಲ್ಲಿ ಈ ಮಿತಿ ಸೆಕೆಂಡಿಗೆ 0.4, ನಾವು 4ರಿಂದ 1ಕ್ಕೆ ಒಂದೇ ಏಟಿಗೆ ಇಳಿಸಿದ್ದರಿಂದ ಅದು ಮುರಿದುಹೋಯಿತು.