ಕುವೈತ್‌ಗೆ ಹೊರಟಿರುವ ತಮ್ಮನಿಗೆ

ತಮ್ಮಾ, ಅಹ್ಮದಿಯಲ್ಲಿ ಕೆಲಸ ಸಿಕ್ಕಿದೆ, ಬಾಡಿಗೆ ಹೇಗೆ, ಊಟ ಹೇಗೆ, ಏನಾದರೂ ಉಳಿಯುತ್ತಾ ಅಂತ ಕೇಳಿದ್ದೀಯ. ಕೊನೆಗೆ ನಿಮ್ಮಪ್ಪನ ಪ್ರಶ್ನೆಯನ್ನೂ ಸೇರಿಸಿದ್ದೀಯ: 1990ರಲ್ಲಿ ಇರಾಕ್ ನುಗ್ಗಿತಲ್ಲ, ಅದನ್ನು ತೀರ್ಮಾನ ಮಾಡಿದ್ದು ಯಾರು, ಮೊದಲೇ ಯಾರಿಗೂ ಗೊತ್ತಾಗಲಿಲ್ವಾ, ಮತ್ತೆ ಹಾಗೆ ಆದರೆ ಮಗನ ಗತಿಯೇನು ಅಂತ.

ನಿನ್ನವು ಬೇಗ ಮುಗಿಯುತ್ತವೆ. ಒಬ್ಬನೇ ಬರುವುದಾದರೆ ಮಂಗಾಫ್ ಕಡೆ ಇಬ್ಬರು ಮೂವರು ಸೇರಿ ಫ್ಲಾಟ್ ಹಿಡಿಯಿರಿ. ಕುಚ್ಚಲಕ್ಕಿ, ಹುರುಳಿಕಾಳು ಎಲ್ಲ ಸಿಗುತ್ತದೆ. ಉಳಿತಾಯ ಅರ್ಧ ನಿನ್ನ ಕೈಯಲ್ಲಿದೆ, ಅರ್ಧ ಊರಲ್ಲಿ ಸಾಲ ಕೇಳುವವರ ಕೈಯಲ್ಲಿದೆ. ಅದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮಪ್ಪ ಕೇಳಿದ್ದೇ ದೊಡ್ಡದು.

ನಾನು ಬಂದದ್ದು 1986ರಲ್ಲಿ. ಉಡುಪಿ ಕಡೆಯವನು, ಬೊಂಬಾಯಿಯ ಹೋಟೆಲಿನಲ್ಲಿ ಲೆಕ್ಕ ಬರೆದು ಅಲ್ಲಿಂದ ಇಲ್ಲಿಗೆ. ಇಳಿದ ದಿನವೇ ಕಂಪನಿಯವರು ಪಾಸ್‌ಪೋರ್ಟ್ ಇಸ್ಕೊಂಡು ತಿಜೋರಿಗೆ ಹಾಕಿದರು. ಆಗ ಎಲ್ಲರಿಗೂ ಅದೇ ಪದ್ಧತಿ. ಇರಾನ್ ಮತ್ತು ಇರಾಕ್ ಯುದ್ಧ ಇನ್ನೂ ನಡೆಯುತ್ತಿತ್ತು. ಕುವೈತ್ ಇರಾಕಿನ ಪರ ನಿಂತಿತ್ತು. ಸಾವಿರ ಕೋಟಿ ಡಾಲರಿಗೂ ಜಾಸ್ತಿ ಸಾಲ ಕೊಟ್ಟಿತ್ತು. ಹೀಗೆ ಕೈ ಚಾಚಿ ಸಾಲ ಪಡೆದವನೇ ನಾಳೆ ಮನೆಗೆ ನುಗ್ಗುತ್ತಾನೆ ಅಂತ ಯಾರು ಎಣಿಸುತ್ತಾರೆ?

1988ರಲ್ಲಿ ಆ ಯುದ್ಧ ನಿಂತಿತು. ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಬಳಿ ದೊಡ್ಡ ಸೈನ್ಯ ಉಳಿಯಿತು, ಖಜಾನೆ ಬರಿದಾಗಿತ್ತು. ಸಾಲ ಮನ್ನಾ ಮಾಡಿ ಅಂದ, ಕುವೈತ್ ಒಪ್ಪಲಿಲ್ಲ. 1990ರ ಜುಲೈನಲ್ಲಿ ಅವನ ವಿದೇಶಾಂಗ ಮಂತ್ರಿ ತಾರಿಕ್ ಅಜೀಜ್ ಅರಬ್ ದೇಶಗಳ ಒಕ್ಕೂಟವಾದ ಅರಬ್ ಲೀಗ್‌ಗೆ ಪತ್ರ ಬರೆದ. ಕುವೈತ್ ಮಿತಿ ಮೀರಿ ಎಣ್ಣೆ ತೆಗೆದು ಬೆಲೆ ಇಳಿಸುತ್ತಿದೆ, ಗಡಿಯ ರುಮೇಲಾ ಎಣ್ಣೆ ಬಾವಿಗಳಿಂದ ನಮ್ಮ ಎಣ್ಣೆ ಕದಿಯುತ್ತಿದೆ ಅಂತ ದೂರು. ಜುಲೈ 25ಕ್ಕೆ ಸದ್ದಾಂ ಅಮೆರಿಕದ ರಾಯಭಾರಿ ಏಪ್ರಿಲ್ ಗ್ಲಾಸ್ಪಿಯನ್ನು ಕರೆಸಿ ಮಾತಾಡಿದ. ಅರಬರ ಗಡಿ ಜಗಳದಲ್ಲಿ ಅಮೆರಿಕಕ್ಕೆ ಅಭಿಪ್ರಾಯವಿಲ್ಲ ಅಂತ ಆಕೆ ಹೇಳಿದ್ದನ್ನು ಇವತ್ತಿಗೂ ಜನ ಎಳೆದಾಡುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಟ್ಯಾಂಕುಗಳು ಅಷ್ಟರಲ್ಲೇ ಗಡಿಗೆ ಬಂದಿದ್ದವು. ಈಜಿಪ್ಟಿನ ಅಧ್ಯಕ್ಷ ಹೋಸ್ನಿ ಮುಬಾರಕ್ ಕೂಡ ದಾಳಿ ಆಗಲ್ಲ ಅಂತಲೇ ನಂಬಿದ್ದರು. ನಮ್ಮ ಮೆಸ್ಸಿನಲ್ಲೂ ಅದೇ ಮಾತು: ಸುಮ್ನೆ ಹೆದರಿಸ್ತಿದ್ದಾನೆ, ದುಡ್ಡು ಕೊಟ್ಟರೆ ಹೋಗ್ತಾನೆ.

ಆಗಸ್ಟ್ 1ರವರೆಗೂ ಸೌದಿಯ ಜೆಡ್ಡಾದಲ್ಲಿ ಮಾತುಕತೆ ನಡೆಯಿತು. ಇರಾಕಿನ ಕಡೆಯಿಂದ ಸದ್ದಾಂನ ಬಲಗೈ ಇಜ್ಜತ್ ಇಬ್ರಾಹಿಂ, ಕುವೈತ್ ಕಡೆಯಿಂದ ಯುವರಾಜ ಶೇಖ್ ಸಾದ್. ಮಾತು ಮುರಿಯಿತು. ಮರುದಿನ ನಸುಕಿಗೇ ಸದ್ದಾಂನ ಆಯ್ದ ಸೈನ್ಯವಾದ ರಿಪಬ್ಲಿಕನ್ ಗಾರ್ಡ್ ಪಡೆ ಕುವೈತ್ ಒಳಗಿತ್ತು.

ಹಾಗಾದರೆ ತೀರ್ಮಾನ ಯಾರದು? ಸದ್ದಾಂನದೇ. ಅವನ ಜೊತೆ ಅಳಿಯ ಹುಸೇನ್ ಕಾಮೆಲ್, ಚಿಕ್ಕಪ್ಪನ ಮಗ ಅಲಿ ಹಸನ್ ಅಲ್ ಮಜೀದ್, ಗಾರ್ಡ್ ಪಡೆಯ ಕಮಾಂಡರ್ ಅಯಾದ್ ಅಲ್ ರಾವಿ. ಆಮೇಲೆ ದೇಶ ಬಿಟ್ಟು ಬಂದ ಇರಾಕಿ ಅಧಿಕಾರಿಗಳು ಹೆಚ್ಚಾಗಿ ಹೇಳುವ ಹೆಸರುಗಳು ಇವು. ನಮ್ಮೂರಲ್ಲಿ ಒಂದು ಮದುವೆ ಮಾತುಕತೆಗೂ ಇದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಇರಾಕ್ ಸೈನ್ಯದ ಮುಖ್ಯಸ್ಥನಾಗಿದ್ದ ನಿಝಾರ್ ಅಲ್ ಖಝ್ರಾಜಿಯನ್ನು ಬೆಳಿಗ್ಗೆ ಕರೆಸಿ, ಕುವೈತ್ ವಶವಾಯಿತು ಅಂತ ತಿಳಿಸಿದರಂತೆ. ರಕ್ಷಣಾ ಮಂತ್ರಿಯ ಕಥೆಯೂ ಅದೇ. ಇದನ್ನು ಆ ಮುಖ್ಯಸ್ಥನೇ ಆಮೇಲೆ ಹೇಳಿಕೊಂಡಿದ್ದಾನೆ. ಅವನಿಗೇ ಗೊತ್ತಿಲ್ಲದ್ದು ಫರ್ವಾನಿಯಾದಲ್ಲಿ ಮಲಗಿದ್ದ ನನಗೆ ಹೇಗೆ ಗೊತ್ತಾಗಬೇಕು? ಮೊದಲೇ ತಿಳಿಯಲಿಲ್ವಾ ಅಂತ ಕೇಳುವ ನಿಮ್ಮಪ್ಪನಿಗೆ ಇಷ್ಟೇ ಹೇಳು.

ಆಮೇಲೆ ಆ ಅಲಿ ಹಸನ್‌ನನ್ನೇ ಇಲ್ಲಿಗೆ ಗವರ್ನರ್ ಮಾಡಿ ಕಳಿಸಿದರು. ತಮ್ಮದೇ ದೇಶದ ಕುರ್ದ್ ಜನಾಂಗದವರ ಮೇಲೆ ವಿಷಾನಿಲ ಬಿಟ್ಟವನು. ಕುವೈತ್ ದಿನಾರ್ ಮೂರು ಡಾಲರಿಗೂ ಮೇಲೆ ಬಾಳುತ್ತಿತ್ತು. ಅದನ್ನು ಇರಾಕಿ ದಿನಾರಿಗೆ ಸಮ ಮಾಡಿ, ಕೊನೆಗೆ ರದ್ದೇ ಮಾಡಿದರು. ಅದಕ್ಕೇ ಹೇಳುತ್ತೇನೆ, ಸಂಬಳ ಬಂದ ವಾರದಲ್ಲೇ ಊರಿಗೆ ಕಳಿಸು, ರೇಟ್ ಏರಲಿ ಅಂತ ಕಾಯುತ್ತಾ ಕೂರಬೇಡ.

ನನ್ನ ಮನಸ್ಸಿನಲ್ಲಿ ಕೂತಿರುವುದು ಬೇರೆ. ನಮ್ಮ ಫೋರ್‌ಮನ್ ಪ್ಯಾಲೆಸ್ತೀನಿಯವನು. ಮಾಲೀಕರು ಸೌದಿಗೆ ಓಡಿದ್ದರು. ಅವನು ತಿಜೋರಿ ಒಡೆಸಿ ನಮ್ಮೆಲ್ಲರ ಪಾಸ್‌ಪೋರ್ಟ್ ಹಂಚಿದ. ಅದು ಸಿಗದಿದ್ದರೆ ಬಾಗ್ದಾದ್ ದಾಟಿ ಜೋರ್ಡಾನ್ ಗಡಿ ಮುಟ್ಟುವುದು ಎಲ್ಲಿಂದ? ನಮ್ಮ ವಿದೇಶಾಂಗ ಮಂತ್ರಿ ಗುಜ್ರಾಲ್ ಬಾಗ್ದಾದ್‌ಗೆ ಹೋಗಿ ಸದ್ದಾಂನನ್ನು ಅಪ್ಪಿಕೊಂಡರು. ಆ ಫೋಟೋ ನೋಡಿ ಕುವೈತಿಗಳಿಗೆ ಉರಿಯಿತು. ಆದರೆ ನಮಗೆ ದಾರಿ ತೆರೆಯಿತು. ಜೋರ್ಡಾನಿನ ರಾಜಧಾನಿ ಅಮ್ಮಾನ್‌ನಿಂದ ಏರ್ ಇಂಡಿಯಾ ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತು ತಂದಿತು. ಪ್ಯಾಲೆಸ್ತೀನಿಯರ ನಾಯಕ ಯಾಸಿರ್ ಅರಾಫತ್ ಕೂಡ ಸದ್ದಾಂ ಪಕ್ಕ ನಿಂತರು. 1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆಯಾದ ಮೇಲೆ ಅದರ ಬೆಲೆ ಕೊಟ್ಟದ್ದು ಇಲ್ಲಿದ್ದ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ತೀನಿಯರು. ಯುದ್ಧದಲ್ಲಿ ಓಡಿಹೋದವರನ್ನು ಮತ್ತೆ ಸೇರಿಸಲಿಲ್ಲ, ಉಳಿದವರಲ್ಲಿ ಬಹಳ ಜನರನ್ನು ಹೊರಹಾಕಿದರು. ಅಪ್ಪಿಕೊಂಡವರ ದೇಶದ ನಾವು ಮಾತ್ರ ಮತ್ತೆ ವೀಸಾ ತೆಗೆದುಕೊಂಡು ಬಂದೆವು. ಯಾಕಂದರೆ ನಾವು ಕೂಲಿಗೆ ಬೇಕಾಗಿತ್ತು, ಬೇರೇನೂ ಕೇಳುವವರಲ್ಲ.

ನಾನು ವಾಪಸ್ ಬಂದಾಗ ಫೋರ್‌ಮನ್ ಇದ್ದ ಹವಲ್ಲಿಯ ಮನೆಯಲ್ಲಿ ಬೇರೆಯವರಿದ್ದರು. ಅಮ್ಮಾನ್‌ಗೆ ಹೋದ ಅಂತ ಒಬ್ಬರು, ಪೊಲೀಸರು ಕರೆದೊಯ್ದರು ಅಂತ ಇನ್ನೊಬ್ಬರು. ಅವನಿಗೆ ಒಂದು ಕಾಗದ ಬರೆಯಲೂ ವಿಳಾಸ ಸಿಗಲಿಲ್ಲ. ಇಷ್ಟು ವರ್ಷವಾದರೂ ಆ ಸಂಕಟ ಹೋಗಿಲ್ಲ. ಸದ್ದಾಂನನ್ನು 2006ರಲ್ಲಿ, ಅಲಿ ಹಸನ್‌ನನ್ನು 2010ರಲ್ಲಿ ಗಲ್ಲಿಗೇರಿಸಿದ ಸುದ್ದಿ ಬಂದಾಗ ಇಲ್ಲಿ ಸಿಹಿ ಹಂಚಿದವರಿದ್ದರು. ನನಗೇನೂ ಅನ್ನಿಸಲಿಲ್ಲ.

ಮತ್ತೆ ಆಗುತ್ತಾ? 1994ರಲ್ಲಿ ಇರಾಕ್ ಈ ಗಡಿಯನ್ನು ಒಪ್ಪಿಕೊಂಡಿದೆ. ಅಂಥ ಗಾರ್ಡ್ ಪಡೆ ಈಗಿಲ್ಲ. ಆದರೂ ಗಲ್ಫ್ ಅಂದರೆ ಗಲ್ಫೇ, ಭರವಸೆ ಕೊಡಲು ನಾನು ಯಾರು? ನೀನು ಮಾಡಬೇಕಾದ್ದು ಇಷ್ಟು: ಪಾಸ್‌ಪೋರ್ಟ್ ಯಾರಿಗೂ ಕೊಡಬೇಡ, ಈಗ ಕಂಪನಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ವೀಸಾ ಆರ್ಟಿಕಲ್ 18, ಅಂದರೆ ಖಾಸಗಿ ಕಂಪನಿ ಕೆಲಸದ್ದು ಇರಬೇಕು. 20 ಅಂತಿದ್ದರೆ ಅದು ಮನೆಗೆಲಸದ್ದು, ಏಜೆಂಟ್ ಏನೇ ಹೇಳಲಿ ಹಣ ಕಟ್ಟಬೇಡ. ಸಹಿ ಹಾಕುವ ಮುಂಚೆ ಕರಾರುಪತ್ರ ನನಗೆ ಕಳಿಸು, ನೋಡಿ ಹೇಳುತ್ತೇನೆ.